ಇಷ್ಟು ಹೇಳಿದರೆ ಸಾಕೆ?

ಮಕ್ಕಳೇ, ಮಕ್ಕಳಿಗೆ ಈ ಪುಟ ಓದಿ ಹೇಳುವ ತಾತ-ಅಜ್ಜಿಯರೇ,

ಈ ವಾರದ ಲೆಕ್ಕದಲ್ಲಿ ಉತ್ತರ ಕಂಡುಹಿಡಿಯುವ ಕೆಲಸ ಇಲ್ಲ. ಆಶ್ಚರ್ಯವಾಯಿತೇ? ಪ್ರಶ್ನೆಯನ್ನು ನೋಡಿ.

ಡಬ್ಬದಲ್ಲಿ ಚಕ್ಕುಲಿ ಇವೆ. ಎಷ್ಟಿವೆ ಎಂದು ನಾನು ಹೇಳುವುದಿಲ್ಲ, ಮುಚ್ಚಳ ತೆಗೆದು ಎಣಿಸುವ ಹಾಗೂ ಇಲ್ಲ. ಒಂದನ್ನೂ ಮುರಿಯದೆ, ಒಂದೂ ಉಳಿಯದ ಹಾಗೆ 12 ಮಕ್ಕಳಿಗೆ ಸಮನಾಗಿ ಹಂಚಬಹುದೇ?

ಹೇಳಿಕೆ 1: ಈ ಚಕ್ಕುಲಿಗಳನ್ನು 6 ಮಕ್ಕಳಿಗೆ ಸಮನಾಗಿ ಹಂಚಬಹುದು.
ಹೇಳಿಕೆ 2: ಈ ಚಕ್ಕುಲಿಗಳನ್ನು 4 ಮಕ್ಕಳಿಗೆ ಸಮನಾಗಿ ಹಂಚಬಹುದು.

ಡಬ್ಬದಲ್ಲಿ ಎಷ್ಟಿವೆ ಎಂದು ಯಾರೂ ಕೇಳುತ್ತಿಲ್ಲ. ‘ಹೌದು’ ಅಥವಾ ‘ಇಲ್ಲ’ ಎಂದು ಖಚಿತವಾಗಿ ಹೇಳುವುದಕ್ಕೆ ಇಷ್ಟು ಮಾಹಿತಿ ಸಾಕೇ ಎಂಬುದಷ್ಟೇ ಪ್ರಶ್ನೆ. ಉತ್ತರ ಆರಿಸಿಕೊಳ್ಳಲು ಐದು ದಾರಿ ಇವೆ. ಹೇಳಿಕೆ 1 ಒಂದೇ ಸಾಕು. ಹೇಳಿಕೆ 2 ಒಂದೇ ಸಾಕು. ಎರಡರಲ್ಲಿ ಯಾವುದಾದರೂ ಒಂದು ಸಾಕು. ಎರಡೂ ಸೇರಿದರೆ ಮಾತ್ರ ಸಾಕು. ಎರಡೂ ಸೇರಿದರೂ ಸಾಲದು.

ಇಂಥ ಪ್ರಶ್ನೆಗೆ ಪರೀಕ್ಷೆಗಳಲ್ಲಿ ‘ಡೇಟಾ ಸಫಿಶಿಯೆನ್ಸಿ’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ‘ಮಾಹಿತಿ ಸಾಕೇ?’ ಎನ್ನೋಣ. ಬ್ಯಾಂಕ್ ಅಧಿಕಾರಿಗಳ ಆಯ್ಕೆ ಪರೀಕ್ಷೆಗಳಲ್ಲಿ ಇದು ಬರುತ್ತದೆ. ವಿದೇಶದಲ್ಲಿ ಎಂ.ಬಿ.ಎ. ಓದುವವರು ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲೂ ಬರುತ್ತದೆ. ಸ್ಟೇಟ್ ಬ್ಯಾಂಕ್ ಬಿಟ್ಟು ಉಳಿದ ಸರ್ಕಾರಿ ಬ್ಯಾಂಕುಗಳಿಗೆ 2011ರಿಂದ ಐ.ಬಿ.ಪಿ.ಎಸ್. ಸಂಸ್ಥೆ ಒಟ್ಟಾಗಿ ಪರೀಕ್ಷೆ ನಡೆಸುತ್ತಿದೆ. ಅಲ್ಲಿ ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಳೆಯುತ್ತಾರೆ. ಕಣ್ಣುಮುಚ್ಚಿ ಒಂದು ಗುರುತು ಹಾಕಿ ಬರುವ ಹಾಗಿಲ್ಲ.

ನಮ್ಮ ಚಿಕ್ಕಬಾಣಾವರದ ಸುತ್ತಮುತ್ತ ಕಾಲೇಜುಗಳು ಬಹಳ. ಈ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರೂ ಬಹಳ. ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ಎಂದು ತಿಳಿದು, ಪಕ್ಕದ ಮನೆಯ ಹುಡುಗಿ ಆಗಾಗ ಪುಸ್ತಕ ಹಿಡಿದು ಬರುತ್ತಾಳೆ. ಅವಳದೂ ಬಿ.ಕಾಂ. ಕೊನೆಯ ವರ್ಷ. “ತಾತ, ನನಗೆ ಲೆಕ್ಕ ಬರುತ್ತೆ. ಆದರೆ ಇದು ಲೆಕ್ಕ ಮಾಡು ಅಂತಾನೇ ಹೇಳಲ್ಲವಲ್ಲ!” ಎಂದಳು. ಅವಳು ಹೇಳಿದ್ದು ಸರಿ. ಇಲ್ಲಿ ಬೇಕಾಗಿರುವುದು ಕೈಲೆಕ್ಕದ ವೇಗವಲ್ಲ, ಬೇರೆ ಒಂದು ಅಭ್ಯಾಸ.

ಆ ಅಭ್ಯಾಸವನ್ನು ನಮ್ಮೂರ ರೈಲು ನಿಲ್ದಾಣದಲ್ಲಿ ನಿಂತು ಕಲಿಯೋಣ. ಯಶವಂತಪುರದ ಕಡೆಯಿಂದ ರೈಲು ಬಂತು. ಇದು ತುಮಕೂರಿನ ಹಳಿ ಹಿಡಿಯುತ್ತದೆಯೇ? ಹೇಳಲಾಗುವುದಿಲ್ಲ. ಚಿಕ್ಕಬಾಣಾವರದಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಕವಲು ತುಮಕೂರಿಗೆ, ಇನ್ನೊಂದು ನೆಲಮಂಗಲದ ಮೇಲೆ ಹಾಸನಕ್ಕೆ. ಯಶವಂತಪುರದಿಂದ ಬಂದ ರೈಲು ಎಂಬ ಒಂದೇ ಮಾಹಿತಿಯಿಂದ ‘ಹೌದು’ ಎನ್ನುವ ರೈಲನ್ನೂ ತೋರಿಸಬಹುದು, ‘ಇಲ್ಲ’ ಎನ್ನುವ ರೈಲನ್ನೂ ತೋರಿಸಬಹುದು. ಹಾಗಾದರೆ ಮಾಹಿತಿ ಸಾಲದು.

ಈ ವಾರ ನೆನಪಿಡಬೇಕಾದ ಸೂತ್ರ ಇದೇ. ಹೇಳಿಕೆಗೆ ಒಪ್ಪುವ ಒಂದು ಸಂಖ್ಯೆ ‘ಹೌದು’ ಎನ್ನಬೇಕು, ಅದೇ ಹೇಳಿಕೆಗೆ ಒಪ್ಪುವ ಇನ್ನೊಂದು ಸಂಖ್ಯೆ ‘ಇಲ್ಲ’ ಎನ್ನಬೇಕು. ಇಬ್ಬರೂ ಸಾಕ್ಷಿಗಳು ಸಿಕ್ಕಿದರೆ ಆ ಹೇಳಿಕೆ ಸಾಲದು ಎಂದು ತೀರ್ಮಾನ.

ಈಗ ಚಕ್ಕುಲಿ ಡಬ್ಬಕ್ಕೆ ಬನ್ನಿ. ಮೊದಲು ಹೇಳಿಕೆ 2ನ್ನು ಕೈಯಿಂದ ಮುಚ್ಚಿ, ಹೇಳಿಕೆ 1ನ್ನು ಮಾತ್ರ ನೋಡಿ. ಚಕ್ಕುಲಿ 12 ಇದ್ದರೆ 6 ಜನಕ್ಕೂ ಹಂಚಬಹುದು, 12 ಜನಕ್ಕೂ ಹಂಚಬಹುದು. ಅದು ‘ಹೌದು’. 6 ಮಾತ್ರ ಇದ್ದರೆ 6 ಜನಕ್ಕೆ ಹಂಚಬಹುದು, 12 ಜನಕ್ಕೆ ಆಗದು. ಅದು ‘ಇಲ್ಲ’. ಎರಡೂ ಸಾಕ್ಷಿ ಸಿಕ್ಕಿತು, ಆದ್ದರಿಂದ ಹೇಳಿಕೆ 1 ಒಂದೇ ಸಾಲದು.

ಈಗ ಹೇಳಿಕೆ 1ನ್ನು ಮುಚ್ಚಿ. 12 ಇದ್ದರೆ ‘ಹೌದು’, 4 ಇದ್ದರೆ ‘ಇಲ್ಲ’. ಹೇಳಿಕೆ 2 ಕೂಡ ಒಂದೇ ಸಾಲದು. ಇಲ್ಲೇ ಬಹಳ ಮಂದಿ ಎಡವುವುದು. ಎರಡನೆಯದನ್ನು ಓದುವಾಗ ಮೊದಲನೆಯದು ತಲೆಯಲ್ಲಿ ಉಳಿದುಬಿಡುತ್ತದೆ. ಇಬ್ಬರು ಮೊಮ್ಮಕ್ಕಳು ಜಗಳವಾಡಿ ದೂರು ತಂದಾಗ ಅಜ್ಜಿ ಏನು ಮಾಡುತ್ತಾರೆ? ಒಬ್ಬನನ್ನು ಹೊರಗೆ ಕೂರಿಸಿ ಇನ್ನೊಬ್ಬನ ಮಾತು ಕೇಳುತ್ತಾರೆ, ಆಮೇಲೆ ಅದಲುಬದಲು. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸುವುದು ಕೊನೆಗೆ. ಇಲ್ಲೂ ಅದೇ ಕ್ರಮ.

ಈಗ ಎರಡನ್ನೂ ಸೇರಿಸಿ. 6ರಿಂದಲೂ 4ರಿಂದಲೂ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಗಳು 12, 24, 36, 48... ಎಲ್ಲವೂ 12ರ ಮಗ್ಗಿಯಲ್ಲೇ ಇವೆ. ‘ಇಲ್ಲ’ ಎನ್ನುವ ಸಾಕ್ಷಿ ಹುಡುಕಿದರೂ ಸಿಗುವುದಿಲ್ಲ. 6 ಮತ್ತು 4ರ ಲ.ಸಾ.ಅ. 12 ಆಗಿರುವುದೇ ಕಾರಣ. ಆದ್ದರಿಂದ ‘ಎರಡೂ ಸೇರಿದರೆ ಮಾತ್ರ ಸಾಕು’ ಎಂಬುದು ಉತ್ತರ.

ಪ್ರಶ್ನೆಯನ್ನು ಸ್ವಲ್ಪ ಬದಲಾಯಿಸುತ್ತೇನೆ. ಅದೇ ಎರಡು ಹೇಳಿಕೆಗಳು, ಆದರೆ ಮಕ್ಕಳು 24. ಸಮನಾಗಿ ಹಂಚಬಹುದೇ? “6×4 ಅಂದರೆ 24, ಆದ್ದರಿಂದ ಹಂಚಬಹುದು” ಎಂದು ನಮ್ಮ ಹುಡುಗಿ ಥಟ್ಟನೆ ಹೇಳಿದಳು. “12 ಚಕ್ಕುಲಿ ಇಟ್ಟು ನೋಡಮ್ಮ” ಎಂದೆ. 12 ಚಕ್ಕುಲಿ 6 ಜನಕ್ಕೆ ಎರಡೆರಡು, 4 ಜನಕ್ಕೆ ಮೂರುಮೂರು. ಹೇಳಿಕೆ ಎರಡೂ ಸರಿ. ಆದರೆ 24 ಜನಕ್ಕೆ? ಮುರಿಯದೆ ಆಗದು. ಡಬ್ಬದಲ್ಲಿ 24 ಇದ್ದರೆ ಆಗುತ್ತದೆ. ಹಾಗಾದರೆ ಎರಡೂ ಸೇರಿದರೂ ಸಾಲದು.

ಗುಣಿಸಿದ್ದು ಯಾಕೆ ಕೈಕೊಟ್ಟಿತು? ಸಂಖ್ಯೆಗಳನ್ನು ಬಿಡಿಸಿ ನೋಡಿ. 6 ಎಂದರೆ 2×3. 4 ಎಂದರೆ 2×2. 6ರೊಳಗಿರುವ 2 ಮತ್ತು 4ರೊಳಗಿರುವ ಒಂದು 2 ಒಂದೇ ಆಗಿರಬಹುದು. ಗುಣಿಸುವಾಗ ಅದನ್ನು ಎರಡು ಸಲ ಎಣಿಸಿಬಿಡುತ್ತೇವೆ. 24ಕ್ಕೆ ಮೂರು 2 ಮತ್ತು ಒಂದು 3 ಬೇಕು, ಹೇಳಿಕೆಗಳು ಭರವಸೆ ಕೊಡುವುದು ಎರಡು 2 ಮತ್ತು ಒಂದು 3ಕ್ಕೆ ಮಾತ್ರ. 3 ಮತ್ತು 5, 4 ಮತ್ತು 9 ಇಂಥ ಜೋಡಿಗಳಲ್ಲಿ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ. ಅಲ್ಲಿ ಧೈರ್ಯವಾಗಿ ಗುಣಿಸಬಹುದು. ಉಳಿದ ಕಡೆ ಲ.ಸಾ.ಅ. ಹಿಡಿಯಿರಿ.

ಇನ್ನೊಂದು ಕಡೆಯೂ ಜಾಣ ಮಕ್ಕಳೇ ಜಾರುತ್ತಾರೆ. ಈ ಪ್ರಶ್ನೆ ನೋಡಿ. ಒಂದು ಸಂಖ್ಯೆ 9ರಿಂದ ಶೇಷವಿಲ್ಲದೆ ಭಾಗವಾಗುತ್ತದೆಯೇ?

ಹೇಳಿಕೆ 1: ಅದರ ಅಂಕಿಗಳ ಮೊತ್ತ 20.
ಹೇಳಿಕೆ 2: ಅದರ ಕೊನೆಯ ಅಂಕಿ 5.

ಅಂಕಿಗಳ ಮೊತ್ತ 9ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ, ಇಲ್ಲದಿದ್ದರೆ ಇಲ್ಲ. ಇದು ಶಾಲೆಯಲ್ಲಿ ಕಲಿತ ನಿಯಮ. 20 ಎಂಬುದು 9ರ ಮಗ್ಗಿಯಲ್ಲಿ ಇಲ್ಲ. ಆದ್ದರಿಂದ ಆ ಸಂಖ್ಯೆ ಯಾವುದೇ ಇರಲಿ, 9ರಿಂದ ಭಾಗವಾಗುವುದಿಲ್ಲ. “ಭಾಗವಾಗಲ್ಲವಲ್ಲ ತಾತ, ಹಾಗಾದರೆ ಸಾಲದು ಅಂತ ತಾನೇ?” ಎಂದು ಹುಡುಗಿ ಕೇಳಿದಳು. ಇಲ್ಲಮ್ಮ! ‘ಇಲ್ಲ’ ಎಂದು ಖಚಿತವಾಗಿ ಹೇಳಲು ಸಾಧ್ಯವಾಯಿತಲ್ಲ, ಅದೇ ಸಾಕು. ನೆಲಮಂಗಲದ ಹಳಿಗೆ ತಿರುಗಿದ ರೈಲು ತುಮಕೂರಿನ ಹಳಿ ಹಿಡಿಯಲಿಲ್ಲ ಎಂದು ಗೊತ್ತಾದ ಹಾಗೆ. ಖಚಿತವಾದ ‘ಇಲ್ಲ’ ಕೂಡ ಪೂರ್ತಿ ಉತ್ತರವೇ. ಹೇಳಿಕೆ 2ಕ್ಕೆ ಬಂದರೆ, 45 ‘ಹೌದು’ ಎನ್ನುತ್ತದೆ, 25 ‘ಇಲ್ಲ’ ಎನ್ನುತ್ತದೆ. ಅದು ಸಾಲದು. ಆದ್ದರಿಂದ ಹೇಳಿಕೆ 1 ಒಂದೇ ಸಾಕು.

ಇದೆಲ್ಲ ಪರೀಕ್ಷೆ ಬರೆಯುವವರಿಗೆ ಮಾತ್ರ ಎಂದುಕೊಳ್ಳಬೇಡಿ. ಇದೇ 9ರ ಲೆಕ್ಕ ನನ್ನ ಕಣ್ಣೆದುರಿಗೇ ಒಬ್ಬರ ಮಾನ ಉಳಿಸಿದೆ.

ಬ್ಯಾಂಕಿಗೆ ಕಂಪ್ಯೂಟರ್ ಬರುವುದಕ್ಕೆ ಮುಂಚಿನ ಮಾತು, 1982ರ ಸುಮಾರು. ಸಂಜೆ ಕೌಂಟರ್ ಮುಚ್ಚಿದ ಮೇಲೆ ಪೆಟ್ಟಿಗೆಯಲ್ಲಿರುವ ನಗದು ಮತ್ತು ಪುಸ್ತಕದ ಲೆಕ್ಕ ತಾಳೆಯಾಗಬೇಕು. ಅಲ್ಲಿಯವರೆಗೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ಒಂದು ಸಂಜೆ ನಮ್ಮ ಶಾಖೆಯಲ್ಲಿ ನಗದು 2,700 ರೂಪಾಯಿ ಕಡಿಮೆ ಬಂತು. ಅದು ಆಗ ನಮ್ಮ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಕಡಿಮೆ ಬಂದದ್ದನ್ನು ಕ್ಯಾಷಿಯರ್ ತಮ್ಮ ಕೈಯಿಂದ ತುಂಬಬೇಕು. ಆ ಕ್ಯಾಷಿಯರ್ ಮೂರು ಮಕ್ಕಳ ತಂದೆ. ಮುಖದಲ್ಲಿ ರಕ್ತವೇ ಇರಲಿಲ್ಲ. ಅಷ್ಟರಲ್ಲಿ ಯಾರೋ ಮೆಲ್ಲಗೆ, ಮಧ್ಯಾಹ್ನ ಕೌಂಟರಿನ ಒಳಗೆ ಟೀ ಇಟ್ಟು ಹೋದ ಅಟೆಂಡರ್ ಹುಡುಗನ ಹೆಸರು ಎತ್ತಿದರು. ಹುಡುಗ ಅಲ್ಲೇ ಬಾಗಿಲ ಬಳಿ ನಿಂತಿದ್ದ, ಕೇಳಿಸಿಕೊಂಡ.

ನಮ್ಮಲ್ಲಿ ಹಿರಿಯರೊಬ್ಬರು ಗುಮಾಸ್ತರಿದ್ದರು. ಅವರು ಕನ್ನಡಕ ತೆಗೆದಿಟ್ಟು, “ಸದ್ಯಕ್ಕೆ ಯಾರ ಹೆಸರೂ ಬೇಡ. ಮೊದಲು 2,700ನ್ನು ಒಂಬತ್ತರಿಂದ ಭಾಗಿಸಿ” ಎಂದರು. ಭಾಗಲಬ್ಧ 300, ಶೇಷ ಸೊನ್ನೆ. “ಅಂಕಿ ಅದಲುಬದಲಾಗಿರಬಹುದು. ಇವತ್ತಿನ ಚಲನ್‌ಗಳನ್ನೆಲ್ಲ ತೆಗೆಯಿರಿ” ಎಂದರು.

ಅವರ ಯೋಚನೆ ಏನು ಗೊತ್ತೇ? 10 ಎಂದರೆ 9+1, 100 ಎಂದರೆ 99+1, 1,000 ಎಂದರೆ 999+1. ಹೀಗಾಗಿ ಯಾವುದೇ ಸಂಖ್ಯೆಯನ್ನು 9ರಿಂದ ಭಾಗಿಸಿದರೂ, ಅದರ ಅಂಕಿಗಳ ಮೊತ್ತವನ್ನು ಭಾಗಿಸಿದರೂ ಶೇಷ ಒಂದೇ. ಅಂಕಿಗಳ ಜಾಗ ಬದಲಾದರೆ ಮೊತ್ತ ಬದಲಾಗುವುದಿಲ್ಲ, ಶೇಷವೂ ಬದಲಾಗುವುದಿಲ್ಲ. ಶೇಷ ಒಂದೇ ಇರುವ ಎರಡು ಸಂಖ್ಯೆಗಳನ್ನು ಕಳೆದರೆ ವ್ಯತ್ಯಾಸ 9ರಿಂದ ಭಾಗವಾಗಲೇಬೇಕು. ಸಾವಿರ ಮತ್ತು ನೂರರ ಸ್ಥಾನದ ಅಂಕಿಗಳು ಅದಲುಬದಲಾದರೆ ವ್ಯತ್ಯಾಸ 900ರ ಮಗ್ಗಿಯಲ್ಲಿ ಬರುತ್ತದೆ. 2,700 ಎಂದರೆ 900×3. ಹಾಗಾದರೆ ಆ ಎರಡು ಅಂಕಿಗಳ ನಡುವೆ 3ರ ಅಂತರ ಇರುವ ಚಲನ್ ಹುಡುಕಬೇಕು: 1 ಮತ್ತು 4, 2 ಮತ್ತು 5, 4 ಮತ್ತು 7, ಹೀಗೆ.

ಹಿರಿಯರು ಹುಡುಕಲು ಹೇಳಿದರೇ ಹೊರತು, ತಪ್ಪು ಸಿಕ್ಕಿತು ಎಂದು ಹೇಳಲಿಲ್ಲ. ಕ್ಯಾಷಿಯರ್ ಆಸೆಯಿಂದ, “ಹಾಗಾದರೆ ನಗದು ಹೋಗಿಲ್ಲ ಅಂತ ಬರೆದುಬಿಡೋಣವೇ ಸಾರ್?” ಎಂದರು. “ಸಾಲದು” ಎಂದರು ಹಿರಿಯರು. 300 ರೂಪಾಯಿಗೆ ಒಂದು ಸೊನ್ನೆ ಹೆಚ್ಚಾಗಿ 3,000 ಎಂದು ಬರೆದರೂ ವ್ಯತ್ಯಾಸ 2,700. ನೂರರ 27 ನೋಟು ನಿಜವಾಗಿಯೇ ಕಾಣೆಯಾಗಿದ್ದರೂ 2,700. 9ರಿಂದ ಭಾಗವಾಗುತ್ತದೆ ಎಂಬ ಒಂದೇ ಮಾತಿಗೆ ಮೂರು ಬೇರೆಬೇರೆ ಕಥೆ ಒಪ್ಪುತ್ತವೆ. ಹುಡುಗನನ್ನು ಕಳ್ಳ ಎನ್ನುವುದಕ್ಕೂ ಅದು ಸಾಲದು, ಯಾರೂ ತೆಗೆದಿಲ್ಲ ಎನ್ನುವುದಕ್ಕೂ ಸಾಲದು.

ರಾತ್ರಿ ಎಂಟೂವರೆಗೆ ಚಲನ್ ಸಿಕ್ಕಿತು. ಗ್ರಾಹಕರು ಕಟ್ಟಿದ್ದು 4,710. ಚಲನ್‌ನಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಅದೇ ಇತ್ತು. ಕ್ಯಾಷಿಯರ್ ಪುಸ್ತಕದಲ್ಲಿ 7,410 ಎಂದು ಬಿದ್ದಿತ್ತು. 7,410ರಲ್ಲಿ 4,710 ಕಳೆದರೆ 2,700. ಈಗ ಎರಡೂ ಹೇಳಿಕೆ ಸೇರಿತು, ಈಗ ಸಾಕು. ಕ್ಯಾಷಿಯರ್ ನೀರು ಕುಡಿದರು. ಹೆಸರು ಎತ್ತಿದವರು ಅಟೆಂಡರ್ ಹುಡುಗನ ಹತ್ತಿರ ಹೋಗಿ ಏನೋ ಹೇಳಿದರು, ನಮಗೆ ಕೇಳಿಸಲಿಲ್ಲ.

ಮಕ್ಕಳೇ, ಇದೇ ಕಥೆಯಲ್ಲಿ ಖಚಿತವಾದ ‘ಇಲ್ಲ’ ಕೂಡ ಅಡಗಿದೆ. ಅಂದು 2,500 ಕಡಿಮೆ ಬಂದಿದ್ದರೆ? 2,500 ಒಂಬತ್ತರಿಂದ ಭಾಗವಾಗುವುದಿಲ್ಲ. ಆಗ ಒಂದೇ ಒಂದು ಚಲನ್‌ನ ಅಂಕಿ ಅದಲುಬದಲಾಗಿ ಇಷ್ಟೂ ವ್ಯತ್ಯಾಸ ಬಂದಿರಲಾರದು ಎಂದು ಆ ಕ್ಷಣವೇ ಹೇಳಬಹುದಿತ್ತು. ಅಂದರೆ 9ರಿಂದ ಭಾಗವಾಗದಿದ್ದರೆ ‘ಇಲ್ಲ’ ಎನ್ನಲು ಅಷ್ಟೇ ಸಾಕು, ಭಾಗವಾದರೆ ‘ಹೌದು’ ಎನ್ನಲು ಅಷ್ಟೇ ಸಾಲದು. ಈ ವ್ಯತ್ಯಾಸ ಹಿಡಿದವರಿಗೆ ‘ಮಾಹಿತಿ ಸಾಕೇ?’ ಪ್ರಶ್ನೆಗಳು ಅರ್ಧ ಬಂದ ಹಾಗೆಯೇ.

ಇಂಥ ಲೆಕ್ಕ ನಮ್ಮ ನಾಡಿಗೆ ಪರೀಕ್ಷೆಗಳ ಜೊತೆ ಬಂದದ್ದಲ್ಲ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 9ನೆಯ ಶತಮಾನದಲ್ಲಿ ಅಲ್ಲಿ ಆಳುತ್ತಿದ್ದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಅದರಲ್ಲಿ ಒಂದು ಲೆಕ್ಕ ಹೀಗಿದೆ: ಬಾಳೆಹಣ್ಣಿನ 63 ಸಮನಾದ ರಾಶಿಗಳಿವೆ, ಬಿಡಿಯಾಗಿ ಇನ್ನೂ 7 ಹಣ್ಣುಗಳಿವೆ. ಎಲ್ಲವನ್ನೂ 23 ಪ್ರಯಾಣಿಕರು ಸಮನಾಗಿ ಹಂಚಿಕೊಂಡರು, ಏನೂ ಉಳಿಯಲಿಲ್ಲ. ಒಂದು ರಾಶಿಯಲ್ಲಿ ಎಷ್ಟು ಹಣ್ಣು?

ಮಾಡಿ ನೋಡೋಣ. ರಾಶಿಗೆ 1 ಹಣ್ಣಾದರೆ ಒಟ್ಟು 70, 23ರಿಂದ ಭಾಗಿಸಿದರೆ ಶೇಷ 1. ರಾಶಿಗೆ 2 ಆದರೆ ಒಟ್ಟು 133, ಶೇಷ 18. 3 ಆದರೆ 196, ಶೇಷ 12. 4 ಆದರೆ 259, ಶೇಷ 6. 18, 12, 6 ಎಂದು ಇಳಿಯುತ್ತಿದೆ, ಕಂಡಿರಾ? 5 ಆದರೆ 322, ಶೇಷ ಸೊನ್ನೆ. ಒಬ್ಬೊಬ್ಬರಿಗೆ 14 ಹಣ್ಣು.

ಆದರೆ 5 ಒಂದೇ ಉತ್ತರವೇ? ರಾಶಿಗೆ 28 ಇಟ್ಟು ನೋಡಿ. ಒಟ್ಟು 1,771, ಒಬ್ಬೊಬ್ಬರಿಗೆ 77. ಅದೂ ಸರಿಯಾಯಿತು! 23 ಸೇರಿಸುತ್ತಾ ಹೋದರೆ 51, 74 ಎಲ್ಲವೂ ಸರಿ. ‘ಒಂದು ರಾಶಿಯಲ್ಲಿ ಎಷ್ಟು?’ ಎಂಬ ಪ್ರಶ್ನೆಗೆ ಈ ಮಾಹಿತಿ ಒಂದೇ ಸಾಲದು. ‘ರಾಶಿಯಲ್ಲಿ 25ಕ್ಕಿಂತ ಕಡಿಮೆ ಹಣ್ಣಿದೆ’ ಎಂಬ ಎರಡನೆಯ ಹೇಳಿಕೆ ಸೇರಿದರೆ ಸಾಕು, ಉತ್ತರ 5. ಈಗ ಪ್ರಶ್ನೆಯನ್ನೇ ಬದಲಿಸೋಣ. ‘ಒಂದೇ ಒಂದು ರಾಶಿಯನ್ನು 23 ಜನ ಸಮನಾಗಿ ಹಂಚಿಕೊಳ್ಳಬಹುದೇ?’ 5, 28, 51, ಯಾವುದನ್ನು 23ರಿಂದ ಭಾಗಿಸಿದರೂ ಶೇಷ 5. ಖಚಿತವಾಗಿ ‘ಇಲ್ಲ’. ಮೊದಲಿನ ಮಾಹಿತಿ ಒಂದೇ ಸಾಕು! ಅದೇ ಮಾಹಿತಿ ಒಂದು ಪ್ರಶ್ನೆಗೆ ಸಾಲದು, ಇನ್ನೊಂದು ಪ್ರಶ್ನೆಗೆ ಸಾಕು. ಆದ್ದರಿಂದ ಹೇಳಿಕೆಗಳಿಗಿಂತ ಮೊದಲು ಪ್ರಶ್ನೆಯನ್ನು ಎರಡು ಸಲ ಓದಿ.

ಪರೀಕ್ಷೆ ಬರೆಯುವ ಅಣ್ಣ ಅಕ್ಕಂದಿರಿಗೆ ಇನ್ನೊಂದು ಮಾತು. ಐದು ಆಯ್ಕೆಗಳ ಕ್ರಮ ಎಲ್ಲ ಪರೀಕ್ಷೆಗಳಲ್ಲೂ ಒಂದೇ ಅಲ್ಲ. ಜಿಮ್ಯಾಟ್‌ನಲ್ಲಿ ‘ಎರಡೂ ಸೇರಿದರೆ ಮಾತ್ರ ಸಾಕು’ ಎಂಬುದು ಮೂರನೆಯದು. ಬೇರೆ ಪರೀಕ್ಷೆಗಳಲ್ಲಿ ಬೇರೆ ಜಾಗದಲ್ಲಿರಬಹುದು. ಲೆಕ್ಕ ಸರಿ ಮಾಡಿ ಗುರುತು ತಪ್ಪು ಹಾಕಿದರೆ ಶ್ರಮವೆಲ್ಲ ವ್ಯರ್ಥ.

ಈಗ ನಿಮ್ಮ ಸರದಿ. ಮಕ್ಕಳು ಮೊದಲು ಮಾಡಲಿ.

1. ಒಂದು ಸಂಖ್ಯೆ 15ರಿಂದ ಶೇಷವಿಲ್ಲದೆ ಭಾಗವಾಗುತ್ತದೆಯೇ? ಹೇಳಿಕೆ 1: ಕೊನೆಯ ಅಂಕಿ 0. ಹೇಳಿಕೆ 2: ಅಂಕಿಗಳ ಮೊತ್ತ 12.

2. ಒಂದು ಸಂಖ್ಯೆ 54ರಿಂದ ಶೇಷವಿಲ್ಲದೆ ಭಾಗವಾಗುತ್ತದೆಯೇ? ಹೇಳಿಕೆ 1: ಅದು 6ರಿಂದ ಭಾಗವಾಗುತ್ತದೆ. ಹೇಳಿಕೆ 2: ಅದು 9ರಿಂದ ಭಾಗವಾಗುತ್ತದೆ.

3. (ದೊಡ್ಡ ಮಕ್ಕಳಿಗೆ) ಒಂದರ ಹಿಂದೆ ಒಂದು ಬರುವ ಮೂರು ಸಂಖ್ಯೆಗಳನ್ನು ಗುಣಿಸಿದ್ದೇನೆ. ಗುಣಲಬ್ಧ 24ರಿಂದ ಶೇಷವಿಲ್ಲದೆ ಭಾಗವಾಗುತ್ತದೆಯೇ? ಹೇಳಿಕೆ 1: ನಡುವಿನ ಸಂಖ್ಯೆ ಬೆಸ. ಹೇಳಿಕೆ 2: ನಡುವಿನ ಸಂಖ್ಯೆ 3ರಿಂದ ಭಾಗವಾಗುತ್ತದೆ.

ಇನ್ನು ಕೆಳಗಿನದು ತಾತ-ಅಜ್ಜಿಯರಿಗೆ ಮಾತ್ರ. ಮಕ್ಕಳು ಮಾಡಿ ಮುಗಿಸುವವರೆಗೆ ಕೈ ಅಡ್ಡ ಇಟ್ಟುಕೊಳ್ಳಿ.

ಮೊದಲನೆಯದಕ್ಕೆ ಎರಡೂ ಬೇಕು. ಕೊನೆಯ ಅಂಕಿ 0 ಆದರೆ 5ರಿಂದ ಭಾಗವಾಗುತ್ತದೆ, ಮೊತ್ತ 12 ಆದರೆ 3ರಿಂದ ಭಾಗವಾಗುತ್ತದೆ. ಬಿಡಿಬಿಡಿಯಾಗಿ ಸಾಲದು: ಮೊದಲ ಹೇಳಿಕೆಗೆ 30 ಮತ್ತು 10, ಎರಡನೆಯದಕ್ಕೆ 75 ಮತ್ತು 39 ಸಾಕ್ಷಿ. ಎರಡನೆಯ ಪ್ರಶ್ನೆಗೆ ಎರಡೂ ಸೇರಿದರೂ ಸಾಲದು. 54 ‘ಹೌದು’ ಎನ್ನುತ್ತದೆ, 18 ‘ಇಲ್ಲ’ ಎನ್ನುತ್ತದೆ. ಮೂರನೆಯದಕ್ಕೆ ಹೇಳಿಕೆ 1 ಒಂದೇ ಸಾಕು. ನಡುವಿನದು ಬೆಸವಾದರೆ ಅಕ್ಕಪಕ್ಕದ ಎರಡೂ ಸಮ, ಅವುಗಳಲ್ಲಿ ಒಂದು 4ರಿಂದಲೂ ಭಾಗವಾಗುತ್ತದೆ, ಹಾಗಾಗಿ ಗುಣಲಬ್ಧ 8ರಿಂದ ಭಾಗವಾಗುತ್ತದೆ. ಮೂರರಲ್ಲಿ ಒಂದು 3ರಿಂದ ಭಾಗವಾಗಲೇಬೇಕು. 8 ಮತ್ತು 3ಕ್ಕೆ ಸಾಮಾನ್ಯ ಅಪವರ್ತನ ಇಲ್ಲ, ಗುಣಿಸಬಹುದು, 24. ಹೇಳಿಕೆ 2 ಸಾಲದು: 2×3×4 ಎಂದರೆ 24, ‘ಹೌದು’. 5×6×7 ಎಂದರೆ 210, ‘ಇಲ್ಲ’.

ಮಗು ‘ಸಾಲದು’ ಎಂದು ಹೇಳಿದಾಗ ‘ಉತ್ತರ ಬರಲಿಲ್ಲವೇ’ ಎಂದು ಗದರಬೇಡಿ. ‘ಹೌದು’ ಎನ್ನುವ ಒಂದು ಸಂಖ್ಯೆ, ‘ಇಲ್ಲ’ ಎನ್ನುವ ಒಂದು ಸಂಖ್ಯೆ ತೋರಿಸು ಎಂದು ಕೇಳಿ. ಎರಡನ್ನೂ ತೋರಿಸಿದರೆ ಪೂರ್ತಿ ಅಂಕ ಕೊಡಿ, ಜೊತೆಗೆ ಒಂದು ಚಕ್ಕುಲಿಯನ್ನೂ ಕೊಡಿ.